ಆಯೇರಿ ಇಲ್ಲದ ಮದುವೆ

ನಾನು ಪೈಲಟ್ ಲೈಸೆನ್ಸ್ ಪಡೆದವಳೆಂದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ: ‘ಪಗಾರ ಭಾಳ ಇರಬೇಕಲ್ಲ?’ ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಲೈಸೆನ್ಸ್ ಇದೆ, ಪಗಾರವಿಲ್ಲ. ಕೆಲಸ ಸಿಗಬೇಕಾದರೆ ಕಂಪನಿಯವರು ಹಾರಿಸುವಂಥದೇ ದೊಡ್ಡ ವಿಮಾನದ ಮೇಲೆ ಇನ್ನೊಂದು ತರಬೇತಿ ಮುಗಿಸಿರಬೇಕು, ಅದರ ಖರ್ಚೂ ನಮ್ಮದೇ. ಅಡುಗೆಯವನಿಗೆ ‘ನಮ್ಮಂಥದೇ ಒಲೆ ಕೊಂಡು, ಕಲಿತು, ಆಮೇಲೆ ಬಾ’ ಎಂದು ಯಾರಾದರೂ ಹೇಳುತ್ತಾರೆಯೇ?

ಮೊದಲ ತರಬೇತಿಯ ಕಥೆ ಇನ್ನೂ ಚೆಂದ. ವಿಮಾನ ಕಲಿಸುವ ಶಾಲೆಯ ವಿಮಾನ ರಿಪೇರಿಗೆ ನಿಂತರೂ ಹಾಸ್ಟೆಲ್ ಬಾಡಿಗೆ ನಿಲ್ಲುತ್ತಿರಲಿಲ್ಲ. ಮೋಡವಿಲ್ಲದ ಆಕಾಶವನ್ನು ನೋಡುತ್ತ, ಶೇಂಗಾ ತಿನ್ನುತ್ತ, ನಾನು ಶೆಡ್ಡಿನ ನೆರಳಲ್ಲಿ ಕೂತಿರುತ್ತಿದ್ದೆ. ಸೊಲ್ಲಾಪುರ ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳಿಗೆ ವೆಲ್ಡಿಂಗ್ ಮಾಡುವ ಅಪ್ಪ ಫೋನಿನಲ್ಲಿ ರೇಗುತ್ತಿದ್ದ: ‘ಇನ್ನೂ ಒಂದು ನಟ್ಟು ಸಿಗಲಿಲ್ಲೇನ ಅವರಿಗೆ? ನಾನ ಬಂದು ಕೂಡಸಲೇನ?’

ನನ್ನ ಫೀಸಿಗಾಗಿ ಅಪ್ಪ ಸೈಟು ಮಾರಿದ್ದು ವಿಜಯಪುರದ ಇಬ್ರಾಹಿಂಪುರದ ನಮ್ಮ ಓಣಿಗೆಲ್ಲ ಗೊತ್ತು. ಅವ್ವ ಬಿಟ್ಟುಕೊಟ್ಟದ್ದು ಏನೆಂದು ನನಗೇ ಗೊತ್ತಿರಲಿಲ್ಲ. ಬಬಲೇಶ್ವರದ ಚಿಗವ್ವ ಮಗಳ ಲಗ್ನಪತ್ರಿಕೆ ಹಿಡಿದು ಬಂದವಳು ಕುಂಕುಮ ಹಚ್ಚುವ ಮೊದಲೇ ಜಗಳ ತೆಗೆದಳು: ‘ಟಿಕೋಟಾದ ಮದುವಿಗೆ ಬರಲಿಲ್ಲ, ಹೊನವಾಡದ್ದಕ್ಕೂ ಬರಲಿಲ್ಲ. ಆಯೇರಿ ಹಾಕಾಕ ಆಗೂದಿಲ್ಲಂತ ನನ್ನ ಮಗಳ ಮದುವಿಗೂ ಬರೂದಿಲ್ಲೇನಬೇ ಅಕ್ಕಾ?’

ಆಯೇರಿ ಎಂದರೆ ಬರೀ ಉಡುಗೊರೆಯಲ್ಲ. ನಮ್ಮ ಮನೆಯ ಕಾರ್ಯದಲ್ಲಿ ಅವರು ಇಟ್ಟದ್ದಕ್ಕಿಂತ ಒಂದಿಷ್ಟು ಹೆಚ್ಚಿಗೆ ಅವರ ಕಾರ್ಯದಲ್ಲಿ ನಾವು ಇಡಬೇಕು. ಮದುವೆಯ ಭಾರ ಒಂದೇ ಮನೆಯ ಮೇಲೆ ಬೀಳಬಾರದೆಂದು ಹಿರಿಯರು ಮಾಡಿಕೊಂಡ ಒಳ್ಳೆಯ ಏರ್ಪಾಟೇ ಇರಬೇಕು. ಅದಕ್ಕೆ ಮೈಕು ಯಾರು ಸೇರಿಸಿದರೋ! ಈಗ ಹೆಸರು, ಊರು, ಮೊತ್ತ ಎಲ್ಲವನ್ನೂ ಪೆಂಡಾಲಿಗೇ ಕೇಳುವಂತೆ ಕೂಗುತ್ತಾರೆ. ಆ ಕೂಗಿಗೆ ಹೆದರಿ ಅವ್ವ ತನ್ನ ಬಳಗವನ್ನೇ ಬಿಟ್ಟಿದ್ದಳು. ನಾನು ಆಕಾಶದಲ್ಲಿ ಸುತ್ತು ಹೊಡೆಯುವಾಗ ಅವಳು ಒಂದೊಂದು ಮದುವೆಯ ದಿನವೂ ಮನೆಯಲ್ಲಿ ಒಬ್ಬಳೇ ಕೂತಿದ್ದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಬಬಲೇಶ್ವರಕ್ಕೆ ಹೋದೆವು. ಅಕ್ಷತೆ ಬಿದ್ದ ಮೇಲೆ ಮೈಕು ಕೂಗಿತು: ‘ಇಬ್ರಾಹಿಂಪುರದ ಶಾಂತವ್ವನವರಿಂದ ಆಯೇರಿ, ಐದು ಸಾವಿರ ರೂಪಾಯಿ!’ ಶಾಂತವ್ವ ಎಂದರೆ ನನ್ನ ಅವ್ವ. ಅಕ್ಕನ ಮರ್ಯಾದೆ ಉಳಿಯಲಿ ಎಂದು ಚಿಗವ್ವ ತನ್ನ ದುಡ್ಡಿಗೆ ಅವಳ ಹೆಸರು ಹೇಳಿಸಿದ್ದಳು. ಅವ್ವ ಎದ್ದು ಹೋಗಿ ಮೈಕು ಕಸಿದುಕೊಂಡಳು.

‘ಅದು ನನ್ನ ರೊಕ್ಕ ಅಲ್ಲರಿ. ನಾ ಏನೂ ತಂದಿಲ್ಲ. ನನ್ನ ಮಗಳು ವಿಮಾನ ನಡಸೂದು ಕಲತಾಳ, ಮನ್ಯಾಗಿಂದೆಲ್ಲಾ ಅದಕ್ಕ ಹೋಗೇತಿ. ಹುಡುಗಿಗೆ ಅಕ್ಕಿಕಾಳ ಹಾಕೇನಿ, ಉಂಡು ಹೊಕ್ಕೇನಿ. ಬ್ಯಾಡ ಅನ್ನೋರು ಈಗ ಹೇಳ್ರಿ.’

ನಾನಂತೂ ಜಗಳಕ್ಕೆ ಸಿದ್ಧಳಾಗಿ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಬೈಸಿಕೊಳ್ಳಬೇಕಾದವರು ಯಾರೂ ಆ ಪೆಂಡಾಲಿನಲ್ಲಿರಲಿಲ್ಲ. ವಿಮಾನ ಶಾಲೆಯ, ಕಂಪನಿಯ ಆ ಜನ ಎಲ್ಲೋ ತಣ್ಣನೆಯ ಕೋಣೆಗಳಲ್ಲಿ ಕೂತು ಮುಂದಿನ ಬ್ಯಾಚಿನ ಫೀಸು ಏರಿಸುತ್ತಿದ್ದರು. ಇಲ್ಲಿ ಒಬ್ಬ ಮುದುಕಿ ಅವ್ವನ ಕೈ ಹಿಡಿದು, ‘ನಡಿ ಶಾಂತಾ, ಹುಗ್ಗಿ ಆರತೈತಿ’ ಎಂದು ಎಳೆದೊಯ್ದಳು. ಚಿಗವ್ವ ಅಳುತ್ತಲೇ ಬಡಿಸಿದಳು, ಅವ್ವ ಬೇಡವೆನ್ನದೆ ಉಂಡಳು.

ವಿಜಯಪುರದ ಬಸ್ಸು ಹತ್ತಿ ಕೂತ ಮೇಲೆ ಅವ್ವ ಕೇಳಿದಳು: ‘ಆ ಇನ್ನೊಂದು ತರಬೇತಿ ಅಂದೆಲ್ಲ, ಅದಕ್ಕ ಎಷ್ಟು ಬೇಕವಾ?’

ಹೇಳಿದೆ. ಹೇಳುವಾಗ ನನ್ನ ದನಿಯೇ ಸಣ್ಣದಾಯಿತು. ಅವಳು ಬಸ್ಸಿನ ಟಿಕೇಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

‘ಹಂಗಾರ ಮುಂದಿನ ಮದುವಿಗೋಳಿಗೂ ಬರೇ ಕೈಲೆ ಹೋಗೂನು,’ ಎಂದಳು. ‘ಆದ್ರ ಹೋಗೂನು.’