ಪಕ್ಕದಲ್ಲಿ ಕೂರಿಸಿಕೊಂಡವಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೆ.ಆರ್. ಪುರದ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದೆ. ನನ್ನ ಲೈನಿನಲ್ಲಿ ಕಾಲರ್ ಹೊಲಿಯುತ್ತಿದ್ದ ಹುಡುಗಿಯೊಬ್ಬಳು ಒಂದು ಮಧ್ಯಾಹ್ನ ಎದ್ದು ಬಂದು, "ಅಕ್ಕಾ, ತಲೆ ಸಿಡೀತಿದೆ. ಮನೆಗೆ ಹೋಗ್ಲಾ?" ಅಂದಳು. ಸಂಜೆಯೊಳಗೆ ಮಾಲು ಕಳಿಸಬೇಕಿತ್ತು. ಮುಖವನ್ನೂ ನೋಡದೆ, "ಆ ಬಂಡಲ್ ಮುಗಿಸಿ ಹೋಗು" ಅಂದುಬಿಟ್ಟೆ. ಸ್ವಲ್ಪ ಹೊತ್ತಿಗೆ ಅವಳು ಮೆಷಿನ್ ಮೇಲೆ ತಲೆಯಿಟ್ಟಿದ್ದು ಕಾಣಿಸಿತು. ನಿದ್ದೆ ಮಾಡ್ತಿದ್ದಾಳೆ ಅಂತ ಗದರಲು ಹೋದೆ.

ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಅಂದರು ಆಸ್ಪತ್ರೆಯಲ್ಲಿ. ಮಾರನೆಯ ದಿನ ತೀರಿಕೊಂಡಳು.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಹಲಸೂರಿನ ಮನೆಯಲ್ಲಿ ಅಕ್ಕಿ ಆರಿಸುವಾಗ, ಬಸ್ಸಿನಲ್ಲಿ ನಿಂತಾಗ, ಬೆನ್ನ ಹಿಂದೆ "ಅಕ್ಕಾ" ಅಂದಂತಾಗುತ್ತಿತ್ತು. ತಿರುಗಿದರೆ ಯಾರೂ ಇಲ್ಲ. ಕೆಲಸ ಬಿಟ್ಟೆ. ದನಿ ಬಿಡಲಿಲ್ಲ.

ಎರಡು ವರ್ಷ ಹೀಗೇ ಕಳೆದ ಮೇಲೆ ಪಕ್ಕದ ಮನೆಯಾಕೆ ನನ್ನನ್ನು ಬೆನ್ಸನ್ ಟೌನಿನ ಒಂದು ಹಳೇ ಮನೆಯ ಮಹಡಿಗೆ ಕರೆದುಕೊಂಡು ಹೋದಳು. ಅಲ್ಲಿ ಭಾನುವಾರ ಬೆಳಿಗ್ಗೆ ವಯಸ್ಸಾದ ಬೌದ್ಧ ಭಿಕ್ಷುವೊಬ್ಬರು ಧ್ಯಾನ ಕಲಿಸುತ್ತಿದ್ದರು. ಉಸಿರು ಬರೋದು, ಹೋಗೋದು ನೋಡಿ ಅಂದರು. ಕಣ್ಣು ಮುಚ್ಚಿದೆ. ಆ ಹುಡುಗಿ ನನ್ನ ಎಡಕ್ಕೆ ಬಂದು ನಿಂತಳು. ನಾನು ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದೆ.

ಭಿಕ್ಷು ಗೇಟಿನವರೆಗೂ ಬಂದರು. "ಯಾರಮ್ಮ ಬಂದಿದ್ದು?"

ಎಲ್ಲ ಹೇಳಿದೆ. ನಿಮ್ಮ ತಪ್ಪಲ್ಲ ಅನ್ನುತ್ತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ.

"ಇನ್ನೂ ನಿಂತೇ ಇದ್ದಾಳಾ?"

"ಹೂಂ."

"ಪಕ್ಕದಲ್ಲಿ ಕೂರಿಸ್ಕೊಳ್ಳಿ. ಅವಳಿಗೆ ಒಳ್ಳೇದಾಗ್ಲಿ ಅನ್ನಿ. ನಿಮಗೂ ಒಳ್ಳೇದಾಗ್ಲಿ ಅನ್ನಿ."

ಮೊದಲನೆಯದು ಬಾಯಿಗೆ ಬಂತು. ಎರಡನೆಯದು ಎಷ್ಟೋ ತಿಂಗಳು ಬರಲೇ ಇಲ್ಲ. ಕೊನೆಗೆ ಒಂದು ಬೆಳಿಗ್ಗೆ, ರಾಮಮೂರ್ತಿ ನಗರದ ಬಾಡಿಗೆ ಕೋಣೆಯಲ್ಲಿದ್ದ ಅವಳ ತಾಯಿಯನ್ನು ಹುಡುಕಿಕೊಂಡು ಹೋದೆ. ರಾಯಚೂರು ಕಡೆಯ ಹೆಂಗಸು, ಒಬ್ಬರೇ ಇದ್ದರು. ಹೊಸ್ತಿಲಲ್ಲೇ ನಿಂತು ಹೇಳಿದೆ: "ಅವಳು ಮನೆಗೆ ಹೋಗ್ತೀನಿ ಅಂದಿದ್ಲು. ನಾನೇ ಬಿಡ್ಲಿಲ್ಲ."

ಆಕೆ ಅಂದರು: "ಮುಂಜಾನೆನೇ ತಲಿ ನೋಯ್ತದ ಅಂದಿದ್ಳವ್ವ. ನೆವ ಹೇಳಬ್ಯಾಡ ಅಂತ ನಾನೇ ಬೈದು ಕಳಿಸಿದೆ. ಯಾರಿಗೂ ಹೇಳಿಲ್ಲ."

ಇಬ್ಬರೂ ಅಳಲಿಲ್ಲ. ಆಕೆ ಚಾಪೆ ಹಾಸಿದರು. ಕೂತೆವು.

ಮುಂದಿನ ಭಾನುವಾರ ಆಕೆಯನ್ನು ಧ್ಯಾನಕ್ಕೆ ಜೊತೆಗೆ ಕರೆದುಕೊಂಡು ಹೋದೆ. ಉಸಿರು ನೋಡಿ ಅನ್ನುವಷ್ಟರಲ್ಲೇ ಗೋಡೆಗೊರಗಿ ನಿದ್ದೆ ಹೋದರು. ಯಾರೋ ಎಬ್ಬಿಸಲು ಕೈ ಚಾಚಿದರು. ಭಿಕ್ಷು ತಡೆದು, "ಬೇಡ. ಎಷ್ಟು ದಿನದ ನಿದ್ದೆಯೋ" ಅಂದರು.

ಎಲ್ಲರೂ ಕಣ್ಣು ಮುಚ್ಚಿದರು. ನನಗಾಗಲಿಲ್ಲ. ನಿದ್ದೆಯಲ್ಲಿ ಆ ತಾಯಿಯ ಮುಖದ ಗೆರೆಗಳೆಲ್ಲ ಸಡಿಲವಾಗಿ, ಆಕೆ ಥೇಟ್ ಮಗಳ ಹಾಗೇ ಕಾಣುತ್ತಿದ್ದರು. ಅವತ್ತು ನೋಡದೆ ಹೋದ ಮುಖ. ಆಕೆ ಏಳುವವರೆಗೂ ನೋಡುತ್ತ ಕೂತೆ.