ಹತ್ತೊಂಬತ್ತು ಮೆಟ್ಟಿಲು

ನನ್ನ ಗಂಡನ ಅಣ್ಣ ಒಂದು ದಿನ ನನ್ನ ಮುಂದೆ ನಿಂತು ಬೇಡಬೇಕು. ತಮಿಳು ಸೀಮೆಯ ಸಿಂಗಾನಲ್ಲೂರಿನ ನಮ್ಮ ಮನೆಯ ಪಕ್ಕಕ್ಕೆ ಕಲ್ಲಿನ ಮೆಟ್ಟಿಲು ಕಟ್ಟಿಸಿದಾಗ ನನ್ನ ಹೊಟ್ಟೆಯಲ್ಲಿದ್ದ ಆಸೆ ಇದೊಂದೇ. ಮಿಕ್ಕ ಕಾರಣಗಳೆಲ್ಲ ನೆಂಟರು ಕೇಳಿದಾಗ ಹೇಳಲಿಕ್ಕೆ.

ಗಂಡ ತೀರಿಕೊಂಡ ಮೇಲೆ ಮನೆ ಪಾಲಾಯಿತು. ಮೇಲಿನ ಕೋಣೆಗಳು ಬಾವನಿಗೆ. ಕೆಳಮನೆ, ಹಿಂದಿನ ಮಗ್ಗದ ಮನೆ, ಅದರ ಮೇಲಿನ ತಾರಸಿ, ಪಕ್ಕದ ಓಣಿ ನನಗೆ. ಆದರೆ ನನ್ನ ತಾರಸಿಗೆ ಹೋಗಲು ಇದ್ದದ್ದು ಒಂದೇ ದಾರಿ: ಬಾವನ ಒಳಮೆಟ್ಟಿಲು ಹತ್ತಿ, ಅವರ ಅಡುಗೆಮನೆ ಹಾದು, ಹಿಂಬಾಗಿಲಿನಿಂದ ಹೊರಗೆ. ಮರುವಾರವೇ ಅವರು ಆ ದಾರಿಗೆ ಬೀಗ ಜಡಿದರು. ಗಂಜಿ ಹಾಕಿದ ನೂಲನ್ನು ನಾನು ಬೀದಿಬದಿಯಲ್ಲಿ ಒಣಗಿಸತೊಡಗಿದೆ. ಬಸ್ಸುಗಳ ಧೂಳೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತಿತ್ತು. ಮೂರು ಸಲ ಹೋಗಿ ಕೇಳಿದೆ. ಮೂರನೆಯ ಸಲ ಬೀದಿಯ ಹೆಂಗಸರೆಲ್ಲ ನೋಡುತ್ತಿದ್ದಾಗ ಬಾವ ನಕ್ಕರು.

"ತಾರಸಿ ನಿಂದೇ ಅಲ್ವಾಮ್ಮಾ? ರೆಕ್ಕೆ ಕಟ್ಕೊಂಡು ಹಾರು."

ಅವರ ಹಿಂದೆ ಬಾಗಿಲಲ್ಲಿ ನಿಂತಿದ್ದ ಓರಗಿತ್ತಿ ತಲೆ ತಗ್ಗಿಸಿದಳು. ನಾನು ಅಕ್ಕ ಎಂದೇ ಕರೆಯುವ ಹೆಂಗಸು. ಅವಳು ಒಂದು ಮಾತೂ ಆಡಲಿಲ್ಲ ಎಂಬ ಸಿಟ್ಟೂ ನನಗಿತ್ತು.

ಹಾರುವ ಬದಲು ಕಟ್ಟಿಸಲು ಹೊರಟೆ. ಮೊದಲು ಬಡಗಿಯನ್ನು ಕರೆಸಿದೆ. ಮರದ ಮೆಟ್ಟಿಲು ನೋಡಲು ಚೆಂದ, ಆದರೆ ನಮ್ಮ ಬೀದಿಯ ಗೆದ್ದಲು ಬಾವನಿಗಿಂತ ಕೆಟ್ಟವು. ಆಮೇಲೆ ತುಡಿಯಲೂರಿನ ಕಡೆಯ ಒಬ್ಬ ವೆಲ್ಡರ್ ಬಂದು, ಕಬ್ಬಿಣದ್ದಾದರೆ ಎರಡೇ ದಿನ ಎಂದ. ಅವನ ಶೆಡ್ಡಿನ ಮುಂದಿದ್ದ ಕಬ್ಬಿಣದ ಮೆಟ್ಟಿಲನ್ನು ಮಧ್ಯಾಹ್ನ ಬರಿಗಾಲಲ್ಲಿ ಹತ್ತಿ ನೋಡಿದೆ. ನೂಲು ಹೊರುವಾಗ ನಾವು ಚಪ್ಪಲಿ ಮೆಟ್ಟುವುದಿಲ್ಲ. ಮೂರನೆಯ ಮೆಟ್ಟಿಲಿಗೇ ಅಂಗಾಲು ಚುರುಗುಟ್ಟಿತು, ಬೆಸುಗೆಯ ಮೂಲೆಗಳಲ್ಲಿ ತುಕ್ಕು ಆಗಲೇ ಇಣುಕುತ್ತಿತ್ತು. ಕೊನೆಗೆ ಕಲ್ಲೇ ಎಂದು ತೀರ್ಮಾನಿಸಿದೆ: ಕಾಂಕ್ರೀಟಿನ ಮೈ, ಮೇಲೆ ಮೂರು ಅಂಗುಲ ದಪ್ಪದ ಚಪ್ಪಡಿ, ಅದೂ ನಯಮಾಡದ್ದು, ಮಳೆಯಲ್ಲೂ ಕಾಲು ಜಾರಬಾರದು. ಇಲ್ಲಿಯದು ಕರಿಮಣ್ಣು, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅದಕ್ಕೇ ಗಟ್ಟಿ ಗರಸು ಸಿಗುವತನಕ ಪಾಯ ತೋಡಿಸಿದೆ. ಪ್ರತಿ ಮೆಟ್ಟಿಲೂ ಮುಂದಕ್ಕೆ ಒಂದು ನೂಲಿನಷ್ಟು ವಾಲಬೇಕು, ನೀರು ನಿಲ್ಲಬಾರದು ಎಂದೆ. ಅಂಗುಲದ ಎಂಟನೆಯ ಒಂದು ಪಾಲಿಗೆ ಮೇಸ್ತ್ರಿಗಳು ನೂಲು ಎನ್ನುತ್ತಾರೆ. ನನ್ನ ಬಾಯಲ್ಲಿ ಆ ಮಾತು ಕೇಳಿ ಮೇಸ್ತ್ರಿ ನನ್ನನ್ನು ಎರಡು ಸಲ ನೋಡಿದ.

ಎತ್ತರ ಹತ್ತಡಿ. "ಹದಿನೆಂಟು ಸರಿಯಾಗತ್ತೆ, ಆದ್ರೆ ನಷ್ಟಂ ಬರತ್ತಮ್ಮಾ. ಹದಿನೇಳು ಹಾಕೋಣ" ಎಂದ ಮೇಸ್ತ್ರಿ. ಇಲ್ಲಿ ಮೆಟ್ಟಿಲನ್ನು ಲಾಭ, ನಷ್ಟ, ಲಾಭ, ನಷ್ಟ ಎಂದು ಎಣಿಸುತ್ತಾ ಹತ್ತುತ್ತಾರೆ. ಕೊನೆಯ ಕಾಲು ಲಾಭದ ಮೇಲೆ ಬೀಳಬೇಕು. ಹದಿನೇಳಕ್ಕೂ ಲಾಭವೇ, ಜಾಗವೂ ಉಳಿಯುತ್ತಿತ್ತು. ಆದರೆ ನಾನು ಹಗ್ಗ ಹಿಡಿದು ಓಣಿಯನ್ನು ಅಳೆದಿದ್ದೆ. ಹತ್ತೊಂಬತ್ತು ಹಾಕಿದರೆ ಕೆಳಗಿನ ಎರಡು ಮೆಟ್ಟಿಲು ಮುಂದಕ್ಕೆ ಚಾಚಿ, ನನ್ನ ಓಣಿಯಲ್ಲಿ ಬಾವ ದಿನಾ ಬೈಕು ನಿಲ್ಲಿಸುತ್ತಿದ್ದ ಜಾಗಕ್ಕೇ ಬಂದು ಕೂರುತ್ತಿದ್ದವು.

"ಹತ್ತೊಂಬತ್ತು. ಅದೂ ಲಾಭನೇ" ಎಂದೆ.

ಅಷ್ಟೆತ್ತರಕ್ಕೆ ಅಷ್ಟು ಮೆಟ್ಟಿಲು ಮಕ್ಕಳಿಗೆ ಕಟ್ಟಿದ ಹಾಗಾಗುತ್ತದೆ ಎಂದು ಮೇಸ್ತ್ರಿ ಗೊಣಗಿದ. ಎರಡು ಆಳು ಎದುರುಬದುರು ನಿಂತು ಪಾವು, ಅಂದರೆ ಹಾಸುನೂಲು, ಸುತ್ತಿದ ಉರುಳೆಯನ್ನು ಹೊತ್ತು ಹೋಗುವಷ್ಟು ಅಗಲವಿರಲಿ ಎಂದು ಅವನ ಬಾಯಿ ಮುಚ್ಚಿಸಿದೆ. ಬಾವನ ಬೈಕು ಬೀದಿಗೆ ಹೋಯಿತು. ಕೆಳಗೆ ಕಬ್ಬಿಣದ ಗೇಟು ಹಾಕಿಸಿ, ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮೇಲೆ ನೂಲು ಹರವುವಾಗ ಅವರ ಕಿಟಕಿಗೆ ಕೇಳಲಿ ಎಂದೇ ಜೋರಾಗಿ ಹಾಡು ಹೇಳುತ್ತಿದ್ದೆ. ಆ ದಿನಗಳಷ್ಟು ಸುಖದ ದಿನಗಳನ್ನು ನಾನು ಕಂಡಿಲ್ಲ.

ನಾಲ್ಕನೆಯ ತಿಂಗಳು ಒಂದು ಮಧ್ಯಾಹ್ನ ಅಕ್ಕ ಅಡುಗೆಮನೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಆಂಬುಲೆನ್ಸಿನವರು ಬಂದರು. ಅವರ ಒಳಮೆಟ್ಟಿಲು ಎರಡು ಕಡೆ ತಿರುಗುತ್ತದೆ, ಸ್ಟ್ರೆಚರ್ ತಿರುಗಲಿಲ್ಲ. ಕೂರಿಸಿ ಇಳಿಸುವ ಹಾಗಿರಲಿಲ್ಲ. ಬಾವ ಹಿಂಬಾಗಿಲ ಬೀಗ ತೆಗೆದು ಅವಳನ್ನು ನನ್ನ ತಾರಸಿಗೆ ತರಿಸಿದರು. ತಾವು ಬೀದಿ ಸುತ್ತಿಕೊಂಡು ಓಡಿಬಂದು ನನ್ನ ಗೇಟಿನ ಹೊರಗೆ ನಿಂತರು. ಗದ್ದಲ ಕೇಳಿ ನಾನು ಆಗಲೇ ಗೇಟಿನ ಬಳಿ ಬಂದಿದ್ದೆ.

"ಕೊಂಜ ಬೀಗ ತೆಗಿಮ್ಮಾ."

"ಏನು?" ಎಂದೆ. ಕೇಳಿಸಿತ್ತು.

"ಬೀಗ ತೆಗಿ. ಅವಳು ನೋವು ತಡೀತಿಲ್ಲ."

"ಯಾರ ಮೆಟ್ಟಿಲು ಬಾವ ಇದು?"

ಬೀದಿಯ ಹೆಂಗಸರು ಆಗಲೇ ಸೇರಿದ್ದರು. ಅವರೂ ನೋಡಲಿ ಎಂದು ನಾನು ಕೀಲಿಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತೆ. ಬಾವ ಎರಡು ಕೈ ಜೋಡಿಸಿದರು. "ನಿಂದು ತಾಯಿ. ನಿಂದೇ. ತೆಗಿ." ಆಗ ತೆಗೆದೆ.

ಸ್ಟ್ರೆಚರ್ ಎಲ್ಲೂ ಕುಲುಕದೆ ಇಳಿಯಿತು. ಇಷ್ಟು ತಗ್ಗಿನ ಮೆಟ್ಟಿಲು ಎಲ್ಲ ಮನೆಗೂ ಇರಬೇಕು ಎಂದು ಆಂಬುಲೆನ್ಸಿನವನು ಹೇಳಿಹೋದ. ಅಂದು ಸಂಜೆ ನಾನು ಹಬ್ಬದ ಅಡುಗೆ ಮಾಡಿ ಒಬ್ಬಳೇ ಕೂತು ಉಂಡೆ. ನಾಚಿಕೆಯಾಗಲಿಲ್ಲ.

ಎರಡು ತಿಂಗಳ ಮೇಲೆ ಅಕ್ಕ ಕೋಲು ಹಿಡಿದು ಹಿಂಬಾಗಿಲಿಗೆ ಬಂದಳು. ನಾನು ತಾರಸಿಯಲ್ಲಿ ನೂಲು ಹರವುತ್ತಿದ್ದೆ. ಚೆನ್ನಾಗಿದ್ದೀಯಾ ಎಂದು ಕೇಳಿದೆ.

"ಅವತ್ತು ನಂಗೆ ಪ್ರಜ್ಞೆ ಇತ್ತು ಕಣೇ," ಎಂದಳು. "ಇಲ್ಲೇ ಮಲಗ್ಸಿದ್ರು, ನೆತ್ತಿ ಮೇಲೆ ಬಿಸ್ಲು. ಎಲ್ಲಾ ಕೇಳ್ತಿತ್ತು. ಅವ್ರು ಕೈ ಮುಗೀಲಿ ಅಂತ ನಂಗೂ ಆಸೆ ಇತ್ತು, ಎಷ್ಟೋ ವರ್ಷದಿಂದ. ಆದ್ರೆ ಒಂದು ಸಲನಾದ್ರೂ ನೀನು ಮೇಲೆ ನೋಡ್ತೀಯ ಅಂತ ಕಾದೆ."

ಅಷ್ಟು ಹೇಳಿ ಅವಳು ಒಳಗೆ ಹೋದಳು. ಬಾಗಿಲಿಗೆ ಬೀಗ ಹಾಕಲಿಲ್ಲ. ಅಂದಿನಿಂದ ಅದು ಹಗಲೆಲ್ಲ ತೆರೆದೇ ಇರುತ್ತದೆ. ಬಾವ ಕೈ ಮುಗಿದದ್ದನ್ನು ನೆನೆದರೆ ನನಗೆ ಇಂದಿಗೂ ಖುಷಿಯೇ, ಸುಳ್ಳು ಹೇಳಲಾರೆ. ಆದರೆ ಆ ಬಾಗಿಲು ತೆರೆದಿರುವಾಗ ನಾನು ತಾರಸಿಗೆ ಹೋಗುವುದಿಲ್ಲ. ನೂಲು ಮತ್ತೆ ಬೀದಿಬದಿಯಲ್ಲೇ ಒಣಗುತ್ತಿದೆ.