ಮೇಬಲ್ ಬಾಯಿಗೆ ಮದುವೆಯಾಗಿದೆಯೇ?

ಕುವೈತಿನ ಖೈತಾನಿನಲ್ಲಿದ್ದ ನಮ್ಮ ಕಟ್ಟಡದಲ್ಲಿ ಮೇಬಲ್ ಬಾಯಿಗೆ ಮೂರು ಅವತಾರಗಳಿದ್ದವು. ಬಾಗಿಲು ಕಾಯುವ ಈಜಿಪ್ಟಿನವನಿಗೆ ಆಕೆ ರೋಹಿದಾಸನ ಹೆಂಡತಿ. ವಾರದ ರಜೆಯಾದ ಶುಕ್ರವಾರ ಪೂಜೆಗೆ ಸೇರುವ ಇಗರ್ಜಿಯವರಿಗೆ, ಕೆಳಗಿನ ಆಸಿಯಮ್ಮನ ಮನೆಯಲ್ಲಿ ಬಾಡಿಗೆಗಿರುವ ಅವಿವಾಹಿತೆ. ರೋಹಿದಾಸನ ಊರಿನ ಗೆಳೆಯರಿಗೆ, ಪಕ್ಕದಲ್ಲೆಲ್ಲೋ ಬಟ್ಟೆ ಹೊಲಿಯುವ ಬಾಯಮ್ಮ. ನಿಜ ಗೊತ್ತಿದ್ದದ್ದು ನಮಗೆ ಮಾತ್ರ: ಮದುವೆಯಾಗಿಲ್ಲ, ಸಂಸಾರ ಮಾತ್ರ ಹನ್ನೊಂದು ವರ್ಷದ್ದು.

ಆಕೆ ಬಂದದ್ದು ರುಮೈಥಿಯಾದ ಒಂದು ಮನೆಗೆ, ಮಗು ನೋಡಿಕೊಳ್ಳಲು. ಆಮೇಲೆ ಹೊಲಿಗೆ ಹಿಡಿದಳು. ರೋಹಿದಾಸ ಶುಐಬಾದ ಕ್ಯಾಂಟೀನಿನಲ್ಲಿ ಅಡುಗೆಯವನು. ಅವನು ಕ್ರೈಸ್ತನಾಗಬೇಕೆಂದು ಅವಳ ಮನೆಯವರು, ಧಾರೆ ಎರೆಯದೆ ಸೊಸೆಯಲ್ಲವೆಂದು ಅವನ ತಾಯಿ. ಇಬ್ಬರಿಗೂ ಒಂದೇ ತಿಂಗಳಲ್ಲಿ ರಜೆ ಸಿಕ್ಕಿದ್ದರೆ ಊರಿಗೆ ಹೋಗಿ ಜಗಳವನ್ನಾದರೂ ಮುಗಿಸುತ್ತಿದ್ದರು. ಅದೂ ಸಿಗಲಿಲ್ಲ. ಮದುವೆಯಿಲ್ಲದೆ ಒಟ್ಟಿಗಿದ್ದರೆ ಕುವೈತಿನಲ್ಲಿ ಜೈಲು, ಆಮೇಲೆ ಗಡೀಪಾರು. ಹಾಗಾಗಿ ಕಟ್ಟಡವಿಡೀ ಸುಳ್ಳು ಹೇಳುತ್ತಿತ್ತು, ಅಕ್ಕಪಕ್ಕದವರಿಗೆ ಕರಿಬೇವು ಕೊಟ್ಟಷ್ಟೇ ಸಹಜವಾಗಿ.

ನನ್ನ ಶರಣ್ಯಾ ಹುಟ್ಟಿದಾಗ ಅಮ್ಮನಿಗೆ ಬರಲಾಗಲಿಲ್ಲ. ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ಮೀಯಿಸಿದವಳು ಮೇಬಲ್ ಬಾಯಿಯೇ. ನನಗೆ ಅವಳ ಮದುವೆಯ ಸರ್ಟಿಫಿಕೇಟ್ ಬೇಕೆಂದು ಒಮ್ಮೆಯೂ ಅನಿಸಿರಲಿಲ್ಲ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿತು. ಸೆಪ್ಟೆಂಬರ್ ಹೊತ್ತಿಗೆ ನಮ್ಮವರು ಬಸ್ಸು ಹತ್ತಿ ಬಾಗ್ದಾದಿನ ಮೂಲಕ ಜೋರ್ಡಾನಿಗೆ, ಅಲ್ಲಿಂದ ವಿಮಾನದಲ್ಲಿ ಬೊಂಬಾಯಿಗೆ ಹೋಗತೊಡಗಿದ್ದರು. ಮೊದಲು ಹೆಂಗಸರು ಮತ್ತು ಸಂಸಾರಸ್ಥರು, ಒಂಟಿ ಗಂಡಸರು ಕೊನೆಗೆ. ಆ ಕೊನೆ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ರೋಹಿದಾಸನಿಗೆ ಸಕ್ಕರೆ ಕಾಯಿಲೆ. ಅಂಗಡಿಗಳಲ್ಲಿ ಇನ್ಸುಲಿನ್ ಮುಗಿದು, ಉಳಿದದ್ದು ಮೇಬಲ್ ಬಾಯಿಯ ಫ್ರಿಜ್ಜಿನಲ್ಲಿದ್ದ ಒಂದೆರಡು ಬಾಟಲಿ.

ನಾವೆಲ್ಲ ಬಸ್ಸಿನ ಪಟ್ಟಿಗೆ ಹೆಸರು ಕೊಡಲು ನಮ್ಮವರ ಶಾಲೆಗೆ ಹೋದೆವು. ಮೇಜಿನ ಹಿಂದೆ ಪಟ್ಟಿ ಬರೆಯುತ್ತಿದ್ದವರು ಇಗರ್ಜಿಯ ಹಿರಿಯರಾದ ವಿಲ್ಫ್ರೆಡ್ ಪೊರ್ಬುಗಳು. ಹಿಂದೆ ಮಂಗಳೂರಿನಲ್ಲಿ ವಕೀಲರೊಬ್ಬರ ಗುಮಾಸ್ತರಾಗಿದ್ದವರು, ವಕೀಲರಿಗಿಂತ ಹೆಚ್ಚು ಕೆಮ್ಮುತ್ತಿದ್ದರು.

"ಗಂಡ ಹೆಂಡತಿಯಾ? ಯಾವಾಗಿಂದ?"

"ಹನ್ನೊಂದು ವರ್ಷ," ಅಂದ ರೋಹಿದಾಸ.

"ಹೋದ ವಾರ ಇವಳು ಕನ್ಯೆ ಇದ್ದಳಲ್ಲ ಮಾರಾಯ?" ಪೊರ್ಬುಗಳು ಆಸಿಯಮ್ಮನ ಕಡೆ ತಿರುಗಿದರು. "ನಾನು ನನ್ನ ಮೈದುನನಿಗೆ ಹೆಣ್ಣು ಕೇಳ್ಲಿಕ್ಕೆ ಬಂದಾಗ, 'ಇವಳು ನನ್ನ ಬಾಡಿಗೆಯವಳು' ಅಂತ ಹೇಳಿದ್ದು ನೀವಲ್ವಾ?"

"ಹೇಳಿದ್ದೆ. ನಿಮ್ಮ ಮೈದುನ ಕುಡೀತಾನೆ. ಇವಳಿಗೆ ಗಂಡ ಇಲ್ಲ ಅಂತ ಮಾತ್ರ ನಾನು ಹೇಳ್ಲಿಲ್ಲ. ನೀವು ಕೇಳ್ಲೂ ಇಲ್ಲ."

ಪೊರ್ಬುಗಳು ಕೆಮ್ಮಿ ಕಾನೂನು ಬಿಚ್ಚಿದರು. "ನೋಡಿ, ನಮ್ಮ ದೇಶದಲ್ಲಿ ಗಂಡು ಹೆಣ್ಣು ಬಹುಕಾಲ ದಂಪತಿಯ ಹಾಗೆ ಬದುಕಿದ್ರೆ, ಸುತ್ತಲಿನವರೂ ಹಾಗೇ ಒಪ್ಪಿದ್ರೆ, ಕೋರ್ಟು ಮದುವೆಯಾಗಿದೆ ಅಂತಲೇ ತಿಳೀತದೆ. ಅಲ್ಲ ಅನ್ನುವವ ಸಾಬೀತು ಮಾಡ್ಬೇಕು. ಆದ್ರೆ ಸುತ್ತಲಿನವರು ಒಪ್ಪಿರ್ಬೇಕಲ್ಲ. ನಿಮ್ಮದ್ರಲ್ಲಿ ಒಬ್ಬೊಬ್ಬರು ಒಂದೊಂದು ನಂಬಿದ್ದಾರೆ. ಮೊನ್ನೆ ಮೂರು ಜನ ಬ್ಯಾಚುಲರುಗಳು ಹೆಂಡತಿ ಅಂತ ಯಾರನ್ನೋ ಕರ್ಕೊಂಡು ಬಂದಿದ್ರು. ನಾನು ಹೇಗೆ ಬರೀಲಿ?"

ನಮ್ಮ ಸುಳ್ಳುಗಳು ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಆವತ್ತೇ ನಮಗೆ ತಿಳಿದದ್ದು.

ರೋಹಿದಾಸ ಮೆಲ್ಲಗೆ, "ಬಾಯಮ್ಮ ಈಗ ಹೋಗ್ಲಿ. ನಾನು ಆಮೇಲೆ ಬರ್ತೇನೆ," ಅಂದ.

ಮೇಬಲ್ ಬಾಯಿ ಕೊಂಕಣಿಯಲ್ಲಿ ಶುರು ಮಾಡಿದಳು. ಅವನು ತುಳುವಿನಲ್ಲಿ ಉತ್ತರಿಸಿದ. ಹನ್ನೊಂದು ವರ್ಷ ಅವರು ಜಗಳವಾಡಿದ್ದೇ ಹಾಗೆ, ಯಾರೂ ತಮ್ಮ ಭಾಷೆ ಬಿಟ್ಟುಕೊಡದೆ. ಕೊನೆಗೆ ಪೊರ್ಬುಗಳಿಗೆಂದು ಅವಳು ಕನ್ನಡಕ್ಕಿಳಿದಳು.

"ಇವನಿಗೆ ಸೂಜಿ ನೋಡಿದ್ರೆ ತಲೆ ತಿರುಗ್ತದೆ. ದಿನಾ ಚುಚ್ಚುವುದು ನಾನು. ಆಮೇಲೆ ಬರ್ತಾನಂತೆ, ಯಾರು ಚುಚ್ಚುವುದು, ಇರಾಕಿಯವರಾ? ನೀವು ಒಂದು ಕೆಲಸ ಮಾಡಿ. ಅವನನ್ನು ಸಂಸಾರದವ ಅಂತ ಬರೀಲಿಕ್ಕೆ ಆಗುದಿಲ್ಲವಾದ್ರೆ ನನ್ನನ್ನು ಬ್ಯಾಚುಲರ್ ಅಂತ ಬರೀರಿ. ಕೊನೇ ಬಸ್ಸಿಗೆ ಹಾಕಿ."

ಸಾಲಿನಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ. ಚೀಲ ಎತ್ತಿಕೊಂಡು ಒಂಟಿ ಗಂಡಸರ ಸಾಲಿಗೆ ಹೋಗಿ ನಿಂತೇಬಿಟ್ಟಳು. ಮುಂದಿದ್ದ ಮಲಯಾಳಿ ಹುಡುಗ ಗಾಬರಿಯಾಗಿ ಜಾಗ ಬಿಟ್ಟ.

ಪೊರ್ಬುಗಳು ಕನ್ನಡಕ ತೆಗೆದು ಒರೆಸಿದರು. "ಬಸ್ಸು ಸಿಗ್ಲಿ ಅಂತ ಹೆಂಡತಿಯಾದವರನ್ನು ನೋಡಿದ್ದೇನೆ. ಸಿಕ್ಕಿದ ಬಸ್ಸು ಬಿಡುವವಳು ಹೆಂಡತಿಯೇ ಇರ್ಬೇಕು. ಕರೀರಿ ಅವಳನ್ನು. ಕಾನೂನಿಗೆ ಇಷ್ಟು ಸಾಕು. ಇಗರ್ಜಿಯ ಮಟ್ಟಿಗೆ ನಾನು ಏನೂ ನೋಡಿಲ್ಲ."

ನಾವೆಲ್ಲ ಒಂದೇ ಬಸ್ಸಿನಲ್ಲಿ ಹೊರಟೆವು. ಜೋರ್ಡಾನ್ ಗಡಿಯ ಹತ್ತಿರ ಬಸ್ಸು ನಿಂತಾಗ ಇರಾಕಿ ಸೈನಿಕನೊಬ್ಬ ಒಳಗೆ ಬಂದು ಮೇಬಲ್ ಬಾಯಿಯತ್ತ ಗದ್ದ ಚಾಚಿ, ಇವಳು ಯಾರು ಎಂದು ಅರಬ್ಬಿಯಲ್ಲಿ ಕೇಳಿದ.

"ಮರ್ತಿ," ಅಂದ ರೋಹಿದಾಸ. ನನ್ನ ಹೆಂಡತಿ.

ಸೈನಿಕ ನಮ್ಮ ಕಡೆ ನೋಡಿದ. ಆಸಿಯಮ್ಮ ತಲೆಯಾಡಿಸಿದಳು. ನಾನೂ ಆಡಿಸಿದೆ. ಪರಿಚಯವೇ ಇಲ್ಲದ ಹಿಂದಿನ ಸೀಟಿನವರೂ ಆಡಿಸಿದರು. ಅವನಿಗೆ ಸೆಕೆ, ಇಳಿದುಹೋದ.

"ಕೇಳಿದ್ಯಾ ಬಾಯಮ್ಮ?" ಅಂದ ರೋಹಿದಾಸ.

"ಕೇಳಿತು. ಅಂಗಿ ಎತ್ತು, ಹೊತ್ತಾಯ್ತು," ಅಂದಳು, ಇನ್ಸುಲಿನ್ ಇಟ್ಟಿದ್ದ ಐಸಿನ ಫ್ಲಾಸ್ಕು ಬಿಚ್ಚುತ್ತ.

ಬಸ್ಸಿಗೆ ಬಸ್ಸೇ ಕಿಟಕಿಯ ಕಡೆ ತಿರುಗಿತು. ಹೊರಗೆ ಮರಳು ಬಿಟ್ಟರೆ ನೋಡಲು ಏನೂ ಇರಲಿಲ್ಲ. ಆದರೂ ಗಂಡ ಹೆಂಡತಿಯ ನಡುವಿನದನ್ನು ದಿಟ್ಟಿಸಬಾರದಲ್ಲ.